ಹೊಟ್ಟೆ ಅಂದರೆ ಎಲ್ಲಿಂದ ಎಲ್ಲಿಯವರೆಗೆ?

ನಮ್ಮ ಕ್ಯಾಶುವಾಲ್ಟಿಗೆ ಹೊಸದಾಗಿ ಡ್ಯೂಟಿಗೆ ಬರುವ ಸಿಸ್ಟರ್‌ಗಳಿಗೆ ನಾನು ಮೊದಲು ಹೇಳಿಕೊಡುವುದು ಇಷ್ಟೇ. ಹೊಟ್ಟೆನೋವು ಅಂತ ಯಾರೇ ಬರಲಿ, ಬರೆಯುವ ಮೊದಲು ‘ಒಂದು ಬೆರಳಲ್ಲಿ ತೋರಿಸಿ’ ಅನ್ನಿ. ಅಂಗೈ ಬೇಡ, ಬೆರಳು. ಆಮೇಲೆ ಅವರು ಯಾವ ಶಬ್ದ ಹೇಳಿದರೋ ಅದನ್ನೇ ಕೇಸ್ ಶೀಟಿನಲ್ಲಿ ಬರೆಯಿರಿ. ಅದನ್ನು ಇಂಗ್ಲಿಷ್ ಮಾಡುವುದು ಅದಾದ ಮೇಲೆ.

ಕಾಸರಗೋಡನ್ನು ಸಪ್ತಭಾಷಾ ಸಂಗಮ ಭೂಮಿ ಅನ್ನುತ್ತಾರೆ. ವೇದಿಕೆಯಲ್ಲಿ ಕೇಳಲು ಚೆಂದ. ಆದರೆ ನಡುರಾತ್ರಿ ಮೂರು ಬೆಡ್‌ನಲ್ಲಿ ಮೂರು ಜನ ಮೂರು ಭಾಷೆಯಲ್ಲಿ ಹೊಟ್ಟೆ ಹಿಡಿದುಕೊಂಡು ನರಳುವಾಗ, ಡ್ಯೂಟಿ ಡಾಕ್ಟರ್ ಕೊಲ್ಲಂ ಕಡೆಯವರು, ಸಿಸ್ಟರ್ ಘಟ್ಟದ ಮೇಲಿನವಳು ಆಗಿದ್ದರೆ ಆ ಸಂಗಮದ ನಿಜವಾದ ರೂಪ ಗೊತ್ತಾಗುತ್ತದೆ.

ತುಳುವಿನಲ್ಲಿ ಹೊಟ್ಟೆಗೆ ಬಂಜಿ. ಅಜ್ಜಿಯೊಬ್ಬರು ‘ಎಂಕ್ ಬಂಜಿ ಬೇನೆ’ ಅಂದಾಗ ಹಾಸನ ಕಡೆಯ ಹುಡುಗಿ ಪೆನ್ನು ಹಿಡಿದು ಹಾಗೇ ನಿಂತಳು. ಅವಳ ಕಿವಿಗೆ ಬಿದ್ದದ್ದು ಬಂಜೆ ಮತ್ತು ಬೇನೆ. ಎರಡೂ ಒಬ್ಬರಲ್ಲೇ ಹೇಗೆ, ಅದೂ ಈ ವಯಸ್ಸಿನಲ್ಲಿ! ಬಂಜೆ ಬಂದದ್ದು ಸಂಸ್ಕೃತದ ವಂಧ್ಯಾದಿಂದ, ತುಳುವಿನ ಬಂಜಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ಸಾಲದ್ದಕ್ಕೆ ತುಳುವಿನಲ್ಲಿ ಬಂಜಿನಾಲ್ ಅಂದರೆ ಬಸುರಿ, ಪೂರ್ತಿ ಉಲ್ಟಾ. ಇನ್ನು ಬೇನೆ. ನಮ್ಮ ಕಡೆ ತಲೆಬೇನೆ, ಕೈಬೇನೆ, ಹೊಟ್ಟೆಬೇನೆ ಎಲ್ಲ ದಿನಾ ಬಾಯಲ್ಲಿ ಬರುವ ಮಾತು. ಘಟ್ಟದ ಮೇಲೆ ಬೇನೆ ಅಂದ ಕೂಡಲೇ ಹೆರಿಗೆ ನೆನಪಾಗುತ್ತದೆ. ಮಲಯಾಳದಲ್ಲಿ ನೋಡಿ, ಸಾಧಾರಣ ನೋವಿಗೆ ವೇದನ, ಹೆರಿಗೆಯದ್ದು ಪೇಟ್ಟುನೋವು. ನಮ್ಮ ಬೇನೆಯೂ ಅದೇ ವೇದನೆ ಸವೆದು ಆದದ್ದು. ಅಂದರೆ ಎರಡೂ ಕಡೆ ಇರುವುದು ಅದೇ ಎರಡು ಶಬ್ದ, ಡ್ಯೂಟಿ ಮಾತ್ರ ಅದಲುಬದಲು.

ಇಲ್ಲಿನ ಶಬ್ದಗಳಲ್ಲಿ ನನಗೆ ಜಾಸ್ತಿ ಇಷ್ಟ ವಯರು. ಮಲಯಾಳದ ವಯರು, ತಮಿಳಿನ ವಯಿರು, ಹಳೆಗನ್ನಡದ ಬಸಿರು, ಮೂರೂ ಒಂದೇ ಬೇರಿನವು. ತಮಿಳಿನ ಪೆಯರ್ ನಮ್ಮಲ್ಲಿ ಹೆಸರು, ಉಯಿರ್ ನಮ್ಮಲ್ಲಿ ಉಸಿರು ಆದ ಹಾಗೆಯೇ ಇದೂ. ಹಳೆಗನ್ನಡದಲ್ಲಿ ಬಸಿರು ಅಂದರೆ ಹೊಟ್ಟೆಯೇ. ಆಮೇಲೆ ಆ ಜಾಗಕ್ಕೆ ಹೊಟ್ಟೆ ಬಂತು. ತೆಲುಗಿನಲ್ಲಿ ಅದು ಈಗಲೂ ಪೊಟ್ಟ, ಪಾಲು ಹಾಲಾದಂತೆ ನಮ್ಮಲ್ಲಿ ಪ ಹೋಗಿ ಹ ಆಯಿತು. ಕೊಂಕಣಿಯವರ, ಮರಾಠಿಯವರ ಪೋಟ್ ಕೂಡ ಕಿವಿಗೆ ಹತ್ತಿರವೇ. ಬಸಿರು ಮಾತ್ರ ಮಗು ಇರುವ ಹೊಟ್ಟೆಗೆ ಮೀಸಲಾಯಿತು. ಮಲಯಾಳದವರಿಗೆ ಎರಡಕ್ಕೂ ವಯರೇ ಸಾಕು, ‘ವಯಟ್ಟಿಲುಂಡ್’ ಅಂದರೆ ಬಸುರಿ ಅಂತಲೇ. ಹಾಗಾಗಿ ಹೆಂಗಸರು ಹೊಟ್ಟೆನೋವು ಅಂತ ಬಂದರೆ, ಯಾವ ಭಾಷೆಯವರಾದರೂ ಸರಿ, ಕೊನೆಯ ಮುಟ್ಟು ಯಾವಾಗ ಅಂತ ಬಾಯಿಬಿಟ್ಟು ಕೇಳಲೇಬೇಕು. ಶಬ್ದದಿಂದ ಊಹಿಸಿಕೊಳ್ಳುವ ಹಾಗಿಲ್ಲ.

ಇದೆಲ್ಲ ಸುಮ್ನೆ ತಮಾಷೆ ಅನ್ನಿ. ನಿಜವಾದ ತಲೆನೋವು ಎಲ್ಲ ಭಾಷೆಯವರೂ ಹೇಳುವ ಒಂದು ಶಬ್ದ. ಗ್ಯಾಸ್ಟ್ರಿಕ್.

‘ಸಿಸ್ಟರೇ, ಗ್ಯಾಸ್ಟ್ರಿಕ್ ಆಗಿದೆ, ಒಂದು ಇಂಜೆಕ್ಷನ್ ಕೊಟ್ಟುಬಿಡಿ.’ ಕನ್ನಡದವರು ಗ್ಯಾಸ್ಟ್ರಿಕ್ ಅನ್ನುತ್ತಾರೆ, ಮಲಯಾಳದವರು ಗ್ಯಾಸ್ ಅನ್ನುತ್ತಾರೆ, ಎರಡೂ ಒಂದೇ ಅಂತ ಎಲ್ಲರ ನಂಬಿಕೆ. ಒಂದೇ ಅಲ್ಲ. ಗ್ಯಾಸ್ಟ್ರಿಕ್ ಗ್ರೀಕಿನ ಗಾಸ್ಟೆರ್‌ನಿಂದ ಬಂದದ್ದು, ಗಾಸ್ಟೆರ್ ಅಂದರೆ ಹೊಟ್ಟೆ, ಅಷ್ಟೇ. ಗ್ಯಾಸ್ ಅನ್ನುವುದು 17ನೇ ಶತಮಾನದಲ್ಲಿ ಫಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಗ್ರೀಕಿನ ಖಾಓಸ್ ಶಬ್ದವನ್ನು ಮನಸ್ಸಿನಲ್ಲಿಟ್ಟು ಹೊಸದಾಗಿ ಕಟ್ಟಿದ ಶಬ್ದ. ಎರಡೂ ನಮ್ಮೂರಿಗೆ ಬಂದು, ಉಚ್ಚಾರ ಹತ್ತಿರ ಇದೆ ಅನ್ನುವ ಕಾರಣಕ್ಕೆ ಮದುವೆಯಾಗಿ ಸಂಸಾರ ಹೂಡಿವೆ. ಆದ್ದರಿಂದ ಗ್ಯಾಸ್ಟ್ರಿಕ್ ಅಂದವರು ‘ಹೊಟ್ಟೆಯದ್ದು’ ಅಂದ ಹಾಗಾಯಿತೇ ಹೊರತು ಕಾಯಿಲೆ ಹೇಳಿದ ಹಾಗಲ್ಲ.

ಒಮ್ಮೆ ಅಡಿಕೆ ತೋಟದ ಕೆಲಸದ ಅಣ್ಣ ಒಬ್ಬರು ಬಂದರು. ಜೀರಿಗೆ ಕಷಾಯ ಆಗಿತ್ತು, ಸೋಡಾ ಆಗಿತ್ತು. ಗ್ಯಾಸ್ಟ್ರಿಕ್ ಅಂತ ಅವರೇ ತೀರ್ಮಾನ ಮಾಡಿ, ಔಷಧದ ಹೆಸರನ್ನೂ ಅವರೇ ಹೇಳಿದರು. ಬೆರಳಲ್ಲಿ ತೋರಿಸಿ ಅಂದೆ. ಬೆರಳು ಎತ್ತಿದರು, ಎದೆಗೂಡು ಮುಗಿಯುವ ಗುಳಿಯ ಹತ್ತಿರ ತಂದರು, ಆದರೆ ಇಡಲು ಜಾಗ ಸಿಗಲಿಲ್ಲ. ಕೈ ತಾನಾಗಿ ಮುಷ್ಟಿಯಾಗಿ ಅಲ್ಲೇ ಒತ್ತಿ ಕೂತಿತು. ಫ್ಯಾನಿನ ಕೆಳಗೆ ಇದ್ದರೂ ಹಣೆಯಲ್ಲಿ ಬೆವರು, ಅಂಗಿಯ ಕಾಲರ್ ಒದ್ದೆ. ಇಂಜೆಕ್ಷನ್ ಪಕ್ಕಕ್ಕಿಟ್ಟು ಮೊದಲು ಇಸಿಜಿ ತೆಗೆದೆವು. ಹೃದಯದ ಕೆಳಭಾಗದಲ್ಲಿ ಅಟ್ಯಾಕ್. ತಲಪಾಡಿ ಗಡಿ ದಾಟಿಸಿ ಮಂಗಳೂರಿಗೆ ಕಳಿಸಿದರು. ಹೃದಯದ ಆ ಭಾಗಕ್ಕೆ ತೊಂದರೆಯಾದಾಗ ಎಷ್ಟೋ ಸಲ ನೋವು ಬರುವುದು ಮೇಲ್ಹೊಟ್ಟೆಯಲ್ಲಿ, ಜೊತೆಗೆ ವಾಂತಿಯೂ ಇರಬಹುದು. ಶುಗರ್ ಇರುವವರಲ್ಲಿ ಎದೆನೋವು ಬಾರದೆಯೂ ಇರಬಹುದು.

ಈ ಗೊಂದಲಕ್ಕೆ ನಮ್ಮ ಜನರನ್ನು ಬೈದು ಪ್ರಯೋಜನ ಇಲ್ಲ, ಗ್ರೀಕರೇ ಮಾಡಿಟ್ಟಿದ್ದಾರೆ. ಜಠರದ ಮೇಲಿನ ಬಾಯಿಗೆ ಪುಸ್ತಕದಲ್ಲಿ ಇವತ್ತಿಗೂ ಕಾರ್ಡಿಯಾ ಅಂತಲೇ ಹೆಸರು. ಕಾರ್ಡಿಯಾ ಅಂದರೆ ಹೃದಯ! ಇಂಗ್ಲಿಷಿನವರು ಹುಳಿ ಮೇಲೆ ಬಂದರೆ ಹಾರ್ಟ್‌ಬರ್ನ್ ಅನ್ನುತ್ತಾರೆ, ಮಲಯಾಳದವರು ನೆಂಜೆರಿಚ್ಚಿಲ್, ನಾವು ಎದೆಯುರಿ. ಉರಿಯುವುದು ಅನ್ನನಾಳ, ಹೆಸರು ಎದೆಗೆ. ಹೊಟ್ಟೆಯುರಿ ಅಂದರೆ ನಮ್ಮಲ್ಲಿ ಬೇರೆಯೇ ಅರ್ಥ, ಅಲ್ವಾ? ‘ಹೊಟ್ಟೆ ಉರಿ ಉಂಟಾ?’ ಅಂತ ಕೇಳಿದರೆ ಪಕ್ಕದ ಬೆಡ್‌ನವರೂ ನಗುತ್ತಾರೆ. ನಗಲಿ, ಆದರೂ ಕೇಳಿ.

ನರ್ಸಿಂಗ್ ಓದುವಾಗ ಈ ಲ್ಯಾಟಿನ್, ಗ್ರೀಕ್ ಹೆಸರುಗಳೆಲ್ಲ ಭಾರೀ ಗಾಂಭೀರ್ಯದವು ಅಂತ ನಾನೂ ಹೆದರಿದ್ದೆ. ಅರ್ಥ ನೋಡುತ್ತಾ ಹೋದರೆ ಯಾರೋ ಕೈಯಲ್ಲಿ ಅಳೆದು, ಕಣ್ಣಲ್ಲಿ ನೋಡಿ ಇಟ್ಟ ಹೆಸರುಗಳು. ಸಣ್ಣ ಕರುಳಿನ ಮೊದಲ ತುಂಡು ಡ್ಯುಯೋಡಿನಮ್, ಅಂದರೆ ಹನ್ನೆರಡು, ಹನ್ನೆರಡು ಬೆರಳಿನ ಅಗಲದಷ್ಟು ಉದ್ದ ಅಂತ. ನಮ್ಮ ಮೊಳ, ಗೇಣಿನ ಲೆಕ್ಕವೇ. ಮುಂದಿನದು ಜೆಜುನಮ್, ಹೆಣ ಕೊಯ್ದು ನೋಡಿದಾಗೆಲ್ಲ ಖಾಲಿ ಇರುತ್ತಿತ್ತು ಅಂತ ‘ಉಪವಾಸದ್ದು’. ದೊಡ್ಡ ಕರುಳಿನ ಶುರು ಸೀಕಮ್, ಒಂದು ಬದಿ ಮುಚ್ಚಿರುವುದರಿಂದ ‘ಕುರುಡು’. ಇಂಗ್ಲಿಷಿನ ಬೆಲ್ಲಿ ಮೂಲದಲ್ಲಿ ಚೀಲ, ನಾವು ಗರ್ಭಚೀಲ ಅನ್ನುವುದಿಲ್ಲವಾ, ಹಾಗೆ. ಸ್ಟಮಕ್ ಗ್ರೀಕಿನಲ್ಲಿ ಬಾಯಿ ಅನ್ನುವ ಶಬ್ದದಿಂದ ಹುಟ್ಟಿ ಮೊದಲು ಗಂಟಲಿಗಿತ್ತು, ಕ್ರಮೇಣ ಕೆಳಗಿಳಿದು ಜಠರಕ್ಕೆ ಬಂತು. ಶಬ್ದಗಳೂ ನುಂಗಿದ ಅನ್ನದಂತೆ ಇಳಿಯುತ್ತವೆ ನೋಡಿ. ಅಜ್ಜಿ ‘ಹೊಕ್ಕುಳಿನಿಂದ ನಾಲ್ಕು ಬೆರಳು ಕೆಳಗೆ’ ಅಂದರೆ ನಗುವ ಹುಡುಗಿಯರಿಗೆ ನಾನು ಡ್ಯುಯೋಡಿನಮ್ ಕಥೆ ಹೇಳುವುದು ಇದಕ್ಕೇ.

ಒಂದು ಹೆಸರಿನ ಬಗ್ಗೆ ಮಾತ್ರ ಜಾಗ್ರತೆ ಬೇಕು. ಪಕ್ಕೆಲುಬಿನ ಮೆದು ಮೂಳೆಯ ಕೆಳಗಿನ ಜಾಗಕ್ಕೆ ಹೈಪೊಕಾಂಡ್ರಿಯಮ್ ಅನ್ನುತ್ತೇವೆ. ಮನಸ್ಸಿನ ಮಂಕು ಹುಟ್ಟುವುದು ಅಲ್ಲಿಂದ ಅಂತ ಹಳೆ ವೈದ್ಯರು ನಂಬಿದ್ದರು, ಹಾಗಾಗಿ ಇಲ್ಲದ ಕಾಯಿಲೆ ಇದೆ ಅಂದುಕೊಳ್ಳುವವರಿಗೆ ಹೈಪೊಕಾಂಡ್ರಿಯಾಕ್ ಅನ್ನುವ ಹೆಸರು ಉಳಿಯಿತು. ಪಿತ್ತಕೋಶದಲ್ಲಿ ಕಲ್ಲಿದ್ದ ಅಮ್ಮ ಒಬ್ಬರ ಶೀಟಿನಲ್ಲಿ ‘ರೈಟ್ ಹೈಪೊಕಾಂಡ್ರಿಯಾಕ್ ಪೇನ್’ ಅಂತಿತ್ತು. ಮಗ ಅದನ್ನು ಫೋನಿನಲ್ಲಿ ಹುಡುಕಿ ನೋಡಿದ. ‘ನಮ್ಮಮ್ಮನದ್ದು ನಾಟಕ ಅಂತ ಬರೆದಿದ್ದೀರಾ?’ ಅಂತ ಕೌಂಟರಿನಲ್ಲಿ ಜಗಳ. ಅವನದ್ದೂ ತಪ್ಪಲ್ಲ. ಈಗ ನಾವು ಮನೆಯವರ ಕೈಗೆ ಹೋಗುವ ಕಾಗದದಲ್ಲಿ ‘ಬಲಗಡೆ ಪಕ್ಕೆಲುಬಿನ ಕೆಳಗೆ’ ಅಂತ ಕನ್ನಡದಲ್ಲೋ ಮಲಯಾಳದಲ್ಲೋ ಬರೆಯುತ್ತೇವೆ.

ಬೆರಳಿನ ವಿಷಯ ನನ್ನದೇನೂ ಹೊಸ ಶೋಧ ಅಲ್ಲ. ಅಪೆಂಡಿಕ್ಸ್ ನೋವಿನ ಜಾಗವನ್ನು 1889ರಲ್ಲಿ ನ್ಯೂಯಾರ್ಕಿನ ಸರ್ಜನ್ ಚಾರ್ಲ್ಸ್ ಮೆಕ್‌ಬರ್ನಿ ವಿವರಿಸಿದಾಗಲೇ ಒಂದು ಬೆರಳಲ್ಲಿ ಒತ್ತಿ ನೋಡಬೇಕು ಅಂತ ಬರೆದಿದ್ದರು. ಸೊಂಟದ ಬಲ ಮೂಳೆಯ ಮುಂದಿನ ತುದಿಯಿಂದ ಹೊಕ್ಕುಳಿಗೆ ಗೆರೆ ಎಳೆದರೆ, ಮೂಳೆಯಿಂದ ಒಂದೂವರೆ–ಎರಡು ಇಂಚು ಒಳಗೆ ಆ ಜಾಗ. ಅಪೆಂಡಿಕ್ಸ್ ನೋವು ಸಾಧಾರಣವಾಗಿ ಹೊಕ್ಕುಳಿನ ಸುತ್ತ ಶುರುವಾಗಿ ಆಮೇಲೆ ಅಲ್ಲಿಗೆ ಜಾರುತ್ತದೆ. ಆದ್ದರಿಂದ ‘ಈಗ ಎಲ್ಲಿ?’ ಅಂತ ಒಂದು ಸಲ, ‘ಮೊದಲು ಎಲ್ಲಿತ್ತು?’ ಅಂತ ಇನ್ನೊಂದು ಸಲ ತೋರಿಸಲು ಹೇಳಿ, ಎರಡನ್ನೂ ಬರೆಯಿರಿ.

ಸಣ್ಣ ಮಕ್ಕಳಲ್ಲಿ ಇದ್ಯಾವುದೂ ನಡೆಯುವುದಿಲ್ಲ. ಎಲ್ಲೇ ನೋವಿರಲಿ ಹೊಕ್ಕುಳನ್ನೇ ತೋರಿಸುತ್ತಾರೆ. ಶ್ವಾಸಕೋಶದ ಕೆಳಭಾಗದಲ್ಲಿ ನ್ಯುಮೋನಿಯಾ ಇದ್ದರೂ ಹೊಟ್ಟೆನೋವು ಅಂತಲೇ ಅಳುವ ಮಕ್ಕಳಿದ್ದಾರೆ, ಅದಕ್ಕೆ ಉಸಿರು ಎಣಿಸುವುದನ್ನು ಬಿಡಬೇಡಿ. ನಡೆದಾಡುವ ಮಗುವಾದರೆ ಬೆಡ್‌ನಿಂದ ಇಳಿಸಿ ‘ಒಂದು ಸಲ ಕುಪ್ಪಳಿಸು ನೋಡುವಾ’ ಅನ್ನಿ. ನಗುತ್ತಾ ಕುಪ್ಪಳಿಸಿದರೆ ಸ್ವಲ್ಪ ಸಮಾಧಾನ. ಹೊಟ್ಟೆ ಹಿಡಿದುಕೊಂಡು ಬಗ್ಗಿ, ನೆಲದಿಂದ ಕಾಲೆತ್ತಲು ಒಪ್ಪದಿದ್ದರೆ ತಡ ಮಾಡದೆ ಸರ್ಜನ್‌ಗೆ ಫೋನ್ ಮಾಡಿ.