ಛೇದ ಕೇಳುತ್ತಿದ್ದ ಮೇಷ್ಟ್ರು

ನಾನು ಏನು ಕೆಲಸ ಮಾಡುತ್ತೇನೆ ಅನ್ನೋದು ನಮ್ಮ ಬಿ.ಎಸ್ಸಿ. ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೆಲವರು ಡಾಕ್ಟರ್ ಅಂದುಕೊಂಡಿದ್ದಾರೆ. ಊರಿಗೆ ಹೋದಾಗ ಬಿ.ಪಿ. ಮಾತ್ರೆ ಬಿಡಬಹುದಾ ಅಂತ ಕೇಳುತ್ತಾರೆ. ನಾನು ಡಾಕ್ಟರ್ ಅಲ್ಲ, ಸಾರ್ವಜನಿಕ ಆರೋಗ್ಯದ ಸಂಶೋಧಕಿ. ಡ್ರಗ್ಸ್ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಹೇಗೆ ಹರಡುತ್ತದೆ, ಚಿಕಿತ್ಸೆ ಯಾರ ಕೈಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ, ಇದರ ಲೆಕ್ಕ ನನ್ನ ಕೆಲಸ. ಹೆಚ್ಚು ಕಾಲ ಕಳೆದಿದ್ದು ಮಣಿಪುರದಲ್ಲಿ. ಹಳೆಯ ವಿದ್ಯಾರ್ಥಿಗಳ ಪುಟಕ್ಕೆ ಬರೆಯಿರಿ ಅಂದಾಗ ಮೊದಲು ನೆನಪಾದವರು ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು. ಈ ದಾರಿಗೆ ನನ್ನನ್ನು ಹಚ್ಚಿದವರು ಅವರೇ. ಪಾಪ, ಅವರಿಗೆ ಅದು ಗೊತ್ತೇ ಇರಲಿಲ್ಲ.

ಮೇಷ್ಟ್ರು ಕ್ಲಾಸಿಗೆ ಪುಸ್ತಕ ತರುತ್ತಿರಲಿಲ್ಲ, ಅವತ್ತಿನ ಪೇಪರ್ ತರುತ್ತಿದ್ದರು. ಯಾವುದೋ ಸುದ್ದಿಯಲ್ಲಿನ ಒಂದು ಸಂಖ್ಯೆಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ, ಮುಂದಿನ ಬೆಂಚಿನವರ ಕೈಗೆ ಕೊಟ್ಟು, "ಇದರ ಛೇದ ಎಲ್ಲಮ್ಮಾ?" ಅನ್ನುತ್ತಿದ್ದರು. ಇಷ್ಟು ಜನ ಸತ್ತರು ಅಂದರೆ ಎಷ್ಟು ಜನರಲ್ಲಿ? ಇಷ್ಟು ಜನ ಫೇಲು ಅಂದರೆ ಪರೀಕ್ಷೆಗೆ ಕೂತವರು ಎಷ್ಟು? ಕೇಳಿ ಕೇಳಿ ನಮಗೆ ಬೇಜಾರಾಗಿ ಅವರಿಗೆ "ಛೇದ ಸರ್" ಅಂತಲೇ ಹೆಸರಿಟ್ಟಿದ್ದೆವು.

ಆಗ ಡಿಸೆಂಬರ್ 1ರಂದು ಎನ್ನೆಸ್ಸೆಸ್ಸಿನವರು ಏಡ್ಸ್ ಜಾಥಾ ಮಾಡಿಸುತ್ತಿದ್ದರು. ನಮ್ಮ ಕೈಯಲ್ಲಿದ್ದ ಫಲಕಗಳ ತುಂಬಾ ತಲೆಬುರುಡೆ. 'ಏಡ್ಸ್ ಅಂದರೆ ಸಾವು' ಅಂತ ಬಸ್ ಸ್ಟ್ಯಾಂಡಿನವರೆಗೂ ಕೂಗಿ, ಬಾಳೆಹಣ್ಣು ತಿಂದು ವಾಪಸ್ ಬರುತ್ತಿದ್ದೆವು. ಆಗಿನ್ನೂ ಔಷಧಿಯ ಬೆಲೆ ಬಡವರ ಕೈಗೆಟುಕುವಂತಿರಲಿಲ್ಲ. ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಯನ್ನು ಸರ್ಕಾರ ಪುಕ್ಕಟೆ ಕೊಡಲು ಶುರು ಮಾಡಿದ್ದು 2004ರ ಏಪ್ರಿಲ್‌ನಲ್ಲಿ. ಒಂದು ಸಲ ಜಾಥಾ ಆದ ಮಾರನೇ ದಿನ ಮೇಷ್ಟ್ರು ಪೇಪರ್ ಹಿಡಿದು ಬಂದರು. ಪಕ್ಕದ ಜಿಲ್ಲೆಯಲ್ಲಿ ಎಚ್‌ಐವಿ ನಮ್ಮಲ್ಲಿಗಿಂತ ಜಾಸ್ತಿ ಅಂತ ಸುದ್ದಿ. "ಅಲ್ಲಿ ಎಷ್ಟು ಜನರ ರಕ್ತ ಪರೀಕ್ಷೆ ಮಾಡಿದರು? ನಮ್ಮಲ್ಲಿ ಎಷ್ಟು?" ನಮಗೇನು ಗೊತ್ತು. "ಪರೀಕ್ಷೆನೇ ಮಾಡದ ಊರಲ್ಲಿ ರೋಗವೂ ಇರಲ್ಲ, ಅಲ್ವಾ?" ಅಂದು ನಕ್ಕರು. ಉಳಿದವರು ಸುಮ್ನೆ ನಕ್ಕರು. ನನಗೆ ಆ ಮಾತು ಅಂಟಿಕೊಂಡಿತು.

ಭಾರತದ ಎಚ್‌ಐವಿ ಕತೆ ಶುರುವಾಗುವುದೇ ಹಾಗೆ. ಈ ರೋಗ ನಮ್ಮ ದೇಶಕ್ಕೆ ಬರುವಂಥದ್ದಲ್ಲ ಅಂತ ಜನ ನಂಬಿದ್ದ ಕಾಲ. 1986ರಲ್ಲಿ ಚೆನ್ನೈನಲ್ಲಿ ನಿರ್ಮಲಾ ಎಂಬ ಮೈಕ್ರೋಬಯಾಲಜಿ ವಿದ್ಯಾರ್ಥಿನಿ, ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ, ತನ್ನ ಪ್ರಬಂಧಕ್ಕಾಗಿ ಲೈಂಗಿಕ ಕಾರ್ಯಕರ್ತೆಯರ ರಕ್ತದ ಮಾದರಿ ತೆಗೆದುಕೊಂಡರು. ವೆಲ್ಲೂರಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದರೆ ಕೆಲವು ಪಾಸಿಟಿವ್ ಬಂದವು. ದೇಶದಲ್ಲಿ ಮೊದಲು ಗೊತ್ತಾದ ಎಚ್‌ಐವಿ ಅದೇ. ಒಬ್ಬ ವಿದ್ಯಾರ್ಥಿನಿಯ ಪ್ರಾಜೆಕ್ಟು! ಈಗ ಕಾಪಿ ಪೇಸ್ಟ್ ಪ್ರಾಜೆಕ್ಟು ಮಾಡುವವರು ಇದನ್ನು ಸ್ವಲ್ಪ ಓದಲಿ.

ಮಣಿಪುರದ ಕತೆ ಬೇರೆ. ಮ್ಯಾನ್ಮಾರ್ ಗಡಿಯ ಮೋರೆ ಪಟ್ಟಣದ ಮೂಲಕ ಹೆರಾಯಿನ್ ಬರುತ್ತದೆ. ಅಲ್ಲಿಯವರು ಅದನ್ನು 'ನಂಬರ್ ಫೋರ್' ಅನ್ನುತ್ತಾರೆ. 1989ರಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರ ರಕ್ತ ಪರೀಕ್ಷಿಸಿದಾಗ ಮೊದಮೊದಲು ವೈರಸ್ ಕಾಣಲೇ ಇಲ್ಲ. ಆಮೇಲೆ ಕೆಲವೇ ತಿಂಗಳಲ್ಲಿ, ಪರೀಕ್ಷೆ ಮಾಡಿದವರಲ್ಲಿ ಅರ್ಧದಷ್ಟು ಜನಕ್ಕೆ ಸೋಂಕು. ಹೇಗೆ? ಮೆಡಿಕಲ್ ಶಾಪಿನಲ್ಲಿ ಸಿರಿಂಜು ಕೊಡುತ್ತಿರಲಿಲ್ಲ. ಜೇಬಲ್ಲಿ ಸಿರಿಂಜು ಸಿಕ್ಕರೆ ಪೊಲೀಸರ ಕಾಟ. ಹಾಗಾಗಿ ಒಂದೇ ಸೂಜಿ ಹತ್ತು ಕೈ ದಾಟುತ್ತಿತ್ತು. ಹೆದರಿಸಿ ತಡೆಯುತ್ತೇವೆ ಅಂದುಕೊಂಡಿದ್ದೇ ಹರಡುವ ದಾರಿಯಾಯಿತು. ಈ ಪಾಠ ಕಲಿತ ಮೇಲೆಯೇ ಹೊಸ ಸೂಜಿ ಹಂಚುವುದು, ಹೆರಾಯಿನ್ ಬದಲಿಗೆ ನಾಲಗೆ ಕೆಳಗಿಡುವ ಬ್ಯುಪ್ರೆನಾರ್ಫಿನ್ ಮಾತ್ರೆ ಕೊಡುವುದು ಎಲ್ಲ ಬಂದವು. ವಾಟ್ಸಾಪ್ ಗುಂಪಿನಲ್ಲಿ ಒಬ್ಬ ಗೆಳೆಯ, "ನಿನ್ನ ಕೆಲಸ ಸೂಜಿ ಹಂಚೋದಾ?" ಅಂತ ಕಿಚಾಯಿಸುತ್ತಾನೆ. ಹಂಚಿದರೆ ತಪ್ಪೇನು?

ಇನ್ನೊಬ್ಬರು, "ಆ ಕಡೆಯವರೇ ಹಾಗೆ ಬಿಡು" ಅಂದರು. ಇದಕ್ಕೆ ನನಗೆ ನಿಜಕ್ಕೂ ಸಿಟ್ಟು ಬಂತು. ಅಮೆರಿಕದ ಇಂಡಿಯಾನಾದಲ್ಲಿ ಆಸ್ಟಿನ್ ಅಂತ ಒಂದು ಪುಟ್ಟ ಊರಿದೆ. ಸುಮಾರು 4,200 ಜನ, ಹೆಚ್ಚುಕಡಿಮೆ ಎಲ್ಲರೂ ಬಿಳಿಯರು. 2015ರಲ್ಲಿ ಆ ಊರಿನ ಸುತ್ತಮುತ್ತ 180ಕ್ಕೂ ಹೆಚ್ಚು ಜನಕ್ಕೆ ಎಚ್‌ಐವಿ ತಗುಲಿತು. ನೋವಿನ ಮಾತ್ರೆಯನ್ನು ಕರಗಿಸಿ, ಒಂದೇ ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಿದ್ದರು. ಅಲ್ಲೂ ಆಗ ಸೂಜಿ ಹಂಚುವುದಕ್ಕೆ ಕಾನೂನಿನ ಒಪ್ಪಿಗೆ ಇರಲಿಲ್ಲ. ಅದೇ ದೇಶದಲ್ಲಿ ಕಪ್ಪು ಜನರೂ ಬಿಳಿಯರೂ ಡ್ರಗ್ಸ್ ಬಳಸುವ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಆದರೂ ಜನಸಂಖ್ಯೆಯಲ್ಲಿ ಸುಮಾರು 13 ಶೇಕಡಾ ಇರುವ ಕಪ್ಪು ಜನರಲ್ಲಿ ಹೊಸ ಎಚ್‌ಐವಿ ಪ್ರಕರಣಗಳ ಸುಮಾರು 40 ಶೇಕಡಾ ಇದೆ. ಹಾಗಿದ್ದ ಮೇಲೆ ಸ್ವಭಾವದ ಮಾತು ಎಲ್ಲಿಂದ ಬಂತು? ಆಸ್ಪತ್ರೆ ಎಷ್ಟು ದೂರ, ವಿಮೆ ಇದೆಯಾ, ಜೈಲಿಗೆ ಯಾರನ್ನು ಹಾಕುತ್ತಾರೆ, ಅದನ್ನು ನೋಡಬೇಕು.

ನಮ್ಮಲ್ಲಿ 2017ರ ಲೆಕ್ಕದಂತೆ ವಯಸ್ಕರಲ್ಲಿ ಎಚ್‌ಐವಿ 0.22 ಶೇಕಡಾ, ಚುಚ್ಚಿಕೊಳ್ಳುವವರಲ್ಲಿ 6.26. ಸುಮಾರು 28 ಪಟ್ಟು. ಇಲ್ಲಿ ಮೇಷ್ಟ್ರ ಪ್ರಶ್ನೆ ಬರುತ್ತದೆ. ಅಡಗಿಕೊಂಡು ಬದುಕುವವರ ಛೇದ ಎಲ್ಲಿಂದ ತರುವುದು? ಮತದಾರರ ಪಟ್ಟಿಯಲ್ಲಿ ಅವರ ಅಭ್ಯಾಸ ಬರೆದಿರುವುದಿಲ್ಲ. ಅದಕ್ಕೊಂದು ಉಪಾಯ ಇದೆ. ಮೊದಲು ಕೆಲವರನ್ನು ಮಾತಾಡಿಸಿ ತಲಾ ಮೂರು ಕೂಪನ್ ಕೊಡುತ್ತೇವೆ. ಅವರು ತಮ್ಮಂಥ ಗೆಳೆಯರಿಗೆ ಕೊಡುತ್ತಾರೆ. ಆ ಗೆಳೆಯರು ಬಂದು ಇನ್ನಷ್ಟು ಕೂಪನ್ ಒಯ್ಯುತ್ತಾರೆ. ಜಾಸ್ತಿ ಗೆಳೆಯರಿರುವವರು ಬರುವ ಸಾಧ್ಯತೆ ಜಾಸ್ತಿ, ಹಾಗಾಗಿ ಕೊನೆಯ ಲೆಕ್ಕದಲ್ಲಿ ಅವರ ಉತ್ತರಗಳಿಗೆ ಕೊಡುವ ತೂಕ ಕಡಿಮೆ ಮಾಡುತ್ತೇವೆ. ಮೇಷ್ಟ್ರಿಗೆ ಇದನ್ನು ಹೇಳಿದ್ದರೆ ಅರ್ಧ ಗಂಟೆ ಜಗಳ ಆಡುತ್ತಿದ್ದರು.

ಜಗಳ ಆಡಬೇಕಾದ್ದೇ. ಯಾಕೆಂದರೆ ಕೂಪನ್ ಗಂಡಸಿನಿಂದ ಗಂಡಸಿಗೇ ಹೋಗುತ್ತದೆ. ಚುಚ್ಚಿಕೊಳ್ಳುವ ಹೆಂಗಸರು ಬರುವುದೇ ಇಲ್ಲ. ಬಂದರೆ ಸುದ್ದಿ ಮನೆಗೆ ಮುಟ್ಟುತ್ತದೆ, ಮಕ್ಕಳನ್ನು ಕಿತ್ತುಕೊಳ್ಳುತ್ತಾರೆ ಅನ್ನುವ ಭಯ. ಸೂಜಿ, ಮಾತ್ರೆ ಕೊಡುವ ಕೇಂದ್ರಕ್ಕೆ ಕಾಲಿಟ್ಟರೆ ಅಲ್ಲಿ ಕ್ಯಾರಂ ಆಡುತ್ತಾ ಕೂತ ಗಂಡಸರು. ಬದಲಿ ಮಾತ್ರೆಯನ್ನು ಬಹುಕಾಲ ದಿನಾ ಕೇಂದ್ರದಲ್ಲೇ, ಸಿಬ್ಬಂದಿಯ ಎದುರಿಗೇ ನಾಲಗೆ ಕೆಳಗಿಟ್ಟು ಕರಗಿಸಿಕೊಳ್ಳಬೇಕಿತ್ತು. ಕಣಿವೆಯ ಇಂಫಾಲ್ ಪೇಟೆಯವರಿಗೆ ಅದು ಹೇಗೋ ನಡೆಯುತ್ತಿತ್ತು. ಬೆಟ್ಟದ ಹಳ್ಳಿಯಿಂದ ಬಸ್ ಚಾರ್ಜು ಕೊಟ್ಟು, ಕೂಲಿ ಬಿಟ್ಟು, ಮಗು ಎತ್ತಿಕೊಂಡು ದಿನಾ ಯಾರು ಬರುತ್ತಿದ್ದರು? 2023ರ ಮೇ ತಿಂಗಳಲ್ಲಿ ಕಣಿವೆಯ ಮೈತೇಯಿಗಳಿಗೂ ಬೆಟ್ಟದ ಕುಕಿಗಳಿಗೂ ನಡುವೆ ಶುರುವಾದ ಹಿಂಸೆಯ ನಂತರ ಕಣಿವೆಗೂ ಬೆಟ್ಟಕ್ಕೂ ನಡುವಿನ ಓಡಾಟವೇ ಕಡಿದುಹೋಯಿತು. ಅಂಥ ಕಡೆ ವರದಿಯಲ್ಲಿ 'ಚಿಕಿತ್ಸೆ ಬಿಟ್ಟವರು' ಅಂತ ಒಂದು ಕಾಲಂ ತುಂಬುವಾಗ ನನಗೆ ಕೈ ಬರುವುದಿಲ್ಲ. ಬಿಟ್ಟಿದ್ದು ಅವರಾ?

ಮೇಷ್ಟ್ರು ಈಗಿಲ್ಲ. ಸ್ಟ್ಯಾಟಿಸ್ಟಿಕ್ಸ್ ತೆಗೆದುಕೊಳ್ಳುವವರು ಕಾಲೇಜಿನಲ್ಲಿ ಕಡಿಮೆಯಾಗಿದ್ದಾರೆ ಅಂತ ಕೇಳಿದೆ. ಎಲ್ಲರಿಗೂ ಕಂಪ್ಯೂಟರೇ ಬೇಕು. ಯಾರಾದರೂ ಈ ಕೆಲಸದ ಬಗ್ಗೆ ಕೇಳಬೇಕು ಅಂದರೆ ನನ್ನ ನಂಬರ್ ಕಚೇರಿಯಲ್ಲಿದೆ. ಫೋನ್ ಮಾಡಿ. ಬಿ.ಪಿ. ಮಾತ್ರೆಯ ವಿಷಯ ಮಾತ್ರ ಬೇಡ.