ಮೂರೆಲೆ ಬಿಟ್ಟು ಎರಡೆಲೆಗೆ: ದಾವಣಗೆರೆಯಿಂದ ಮಾಂಡೋವಿಗೆ

ಮೂರೆಲೆಯಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಚಿಕ್ಕದು. ಕೈಗೆ ಎರಡೆಲೆ, ಟೇಬಲ್ ನಡುವೆ ಎಲ್ಲರಿಗೂ ಸೇರಿದ ಐದೆಲೆ ಇಟ್ಟು ಆಡುವ ಪೋಕರ್‌ನಲ್ಲಿ ಇದು ಉಲ್ಟಾ. ಮೊದಲ ಸಲ ಪೋಕರ್ ಆಡಲು ಗೋವಾಕ್ಕೆ ಹೊರಟವರು ರೈಲು ಹರಿಹರದ ಸೇತುವೆ ದಾಟುವುದರೊಳಗೆ ಇದೊಂದನ್ನು ತಲೆಯಲ್ಲಿ ಕೂರಿಸಿಕೊಂಡರೆ ಟಿಕೆಟ್ ದುಡ್ಡು ಅಲ್ಲೇ ಹುಟ್ಟಿದಂತೆ. ಕಾರಣ ಬರೀ ಎಣಿಕೆ. 52 ಎಲೆಯಿಂದ ಮೂರು ತೆಗೆದರೆ ಸೀಕ್ವೆನ್ಸ್ ಬೀಳುವುದು 720 ಬಗೆ, ಕಲರ್ 1,096 ಬಗೆ. ಐದು ತೆಗೆದರೆ ಸೀಕ್ವೆನ್ಸ್ 10,200 ಬಗೆ, ಕಲರ್ 5,108 ಬಗೆ ಮಾತ್ರ. ಅಪರೂಪದ್ದೇ ದೊಡ್ಡದು. ಯುಗಾದಿ, ದೀಪಾವಳಿಗೆ ಚಾಪೆ ಮೇಲಿನ ಇಸ್ಪೀಟು ನೋಡಿ ಬೆಳೆದ ಕಣ್ಣು ಟೇಬಲ್ ಮೇಲೆ ಸೀಕ್ವೆನ್ಸ್ ಕಂಡ ಕೂಡಲೇ ಕುಣಿಯುತ್ತದೆ. ಎದುರಿನವನ ಕೈಯಲ್ಲಿ ಐದನೇ ಆಟೀನು ಇದೆ ಎಂದು ಗೊತ್ತಾಗುವಷ್ಟರಲ್ಲಿ ಚಿಪ್ಸ್ (ದುಡ್ಡಿನ ಬದಲು ಇಟ್ಟು ಆಡುವ ಬಿಲ್ಲೆ) ಆ ಕಡೆ ಸರಿದಿರುತ್ತದೆ.

ರೈಲಿನ ವಿಷಯ ಮುಗಿಸಿಬಿಡೋಣ. ಯಶವಂತಪುರ–ವಾಸ್ಕೋ ಎಕ್ಸ್‌ಪ್ರೆಸ್ ದಾವಣಗೆರೆ ಮೇಲೆಯೇ ಹೋಗುತ್ತದೆ. ಚಿತ್ರದುರ್ಗದವರಿಗೆ ಈ ಮುಖ್ಯ ಮಾರ್ಗ ಊರಿಗೆ ತಾಗುವುದಿಲ್ಲ; ಚಿಕ್ಕಜಾಜೂರಿಗೋ, ಹೆದ್ದಾರಿ ಹಿಡಿದು ಅರವತ್ತು ಕಿಲೋಮೀಟರ್ ದಾವಣಗೆರೆಗೋ ಬರಬೇಕು. ರಾತ್ರಿ ಮಲಗಿದರೆ ಹುಬ್ಬಳ್ಳಿ, ಧಾರವಾಡ, ಲೋಂಡಾ ಕಳೆದು ಕ್ಯಾಸಲ್‌ರಾಕ್‌ನಿಂದ ಘಟ್ಟ ಇಳಿಯುತ್ತದೆ. ಅಲ್ಲಿ ಇಳಿಜಾರು 37 ಅಡಿಗೆ ಒಂದಡಿ. ದೂಧ್‌ಸಾಗರ ಕತ್ತಲಲ್ಲೇ ದಾಟಿಹೋಗುತ್ತದೆ. ಮಡಗಾಂವ್‌ನಲ್ಲಿ ಇಳಿದರೆ ಪಣಜಿಗೆ ಕದಂಬ ಸಂಸ್ಥೆಯ ತಡೆರಹಿತ ಬಸ್ ಇದೆ. ಕಾರಿನಲ್ಲಾದರೆ ಧಾರವಾಡದಿಂದ ಲೋಂಡಾ, ರಾಮನಗರ, ಅನಮೋಡ ಘಾಟ್, ಮೊಲ್ಲೆಂ, ಫೋಂಡಾ. ಮಳೆಗಾಲದಲ್ಲಿ ಘಾಟ್ ರಸ್ತೆ ತೆರೆದಿದೆಯೋ ಇಲ್ಲವೋ ವಿಚಾರಿಸಿಯೇ ಹೊರಡಿ. ರಾತ್ರಿಯೆಲ್ಲ ಡ್ರೈವ್ ಮಾಡಿ ಬಂದವರು ಆ ದಿನವೇ ಟೇಬಲ್‌ಗೆ ಕೂರಬಾರದು. ನಿದ್ದೆಗೆಟ್ಟವನಿಗೆ ಎಲ್ಲ ಎಲೆಯೂ ಚೆನ್ನಾಗಿಯೇ ಕಾಣುತ್ತವೆ.

ಬೋಗಿಯಲ್ಲಿ ದುಡ್ಡಿಟ್ಟು ಆಡಬೇಡಿ. ಒಂದು ಪೊಟ್ಟಣ ಶೇಂಗಾ, ಒಂದು ಪೊಟ್ಟಣ ಹುರಿಗಡಲೆ ಸಾಕು: ಹುರಿಗಡಲೆಗೆ ನೂರು, ಶೇಂಗಾಕ್ಕೆ ಸಾವಿರ. ಕಲಿಯಬೇಕಾದದ್ದು ಪಾಟ್, ಅಂದರೆ ನಡುವೆ ಕೂಡಿದ ದುಡ್ಡು, ಎಣಿಸುವುದು. ಮೂರು ಜನ ಆಲ್‌ಇನ್ ಆದರು, ಅಂದರೆ ಇದ್ದದ್ದನ್ನೆಲ್ಲ ಮುಂದಿಟ್ಟರು ಅನ್ನಿ: ಒಬ್ಬನ ಹತ್ತಿರ 3,000, ಇನ್ನೊಬ್ಬನದು 5,000, ಮತ್ತೊಬ್ಬನದು 8,000. ಮುಖ್ಯ ಪಾಟ್ ಮೂರು ಮೂರಲಿ ಒಂಬತ್ತು ಸಾವಿರ. ಅದಕ್ಕೆ ಮೂವರೂ ಹಕ್ಕುದಾರರು. ಸೈಡ್ ಪಾಟ್ 4,000. ಅದು ಎರಡನೆಯವನಿಗೂ ಮೂರನೆಯವನಿಗೂ ಮಾತ್ರ. ಮೂರನೆಯವನ ಉಳಿದ 3,000ಕ್ಕೆ ಜೋಡಿಯಿಲ್ಲ, ಅದು ಅವನಿಗೇ ವಾಪಸ್. ಲೋಂಡಾ ಬರುವುದರೊಳಗೆ ಇದನ್ನು ನಾಲ್ಕೈದು ಸಲ ಮಾಡಿದರೆ ಬಾಯಿಪಾಠ. (ಪಾಟ್ ತಿಂದು ಖಾಲಿ ಮಾಡುವವನೊಬ್ಬ ಪ್ರತಿ ತಂಡದಲ್ಲೂ ಇರುತ್ತಾನೆ, ಹೆಚ್ಚುವರಿ ಪೊಟ್ಟಣ ಇರಲಿ.)

ಪಣಜಿಯಲ್ಲಿ ಮಾಂಡೋವಿ ನದಿ ದಂಡೆಯ ಬಂಡೋಡ್ಕರ್ ರಸ್ತೆಯುದ್ದಕ್ಕೂ ಕ್ಯಾಸಿನೊ ಹಡಗು ಕಂಪನಿಗಳ ಜೆಟ್ಟಿಗಳಿವೆ. ಕ್ಯಾಸಿನೊ ನೀರಿನ ಮೇಲೇ ಯಾಕೆ ಎಂದರೆ ಉತ್ತರ ಕಾನೂನಿನಲ್ಲಿದೆ. ಗೋವಾದ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲ್‌ಗಳಲ್ಲಿ ಯಂತ್ರದ ಆಟಕ್ಕೆ ಅವಕಾಶ ಕೊಟ್ಟರು. 1996ರ ತಿದ್ದುಪಡಿಯಿಂದ ಎಲೆ ಹಂಚಿ ಆಡುವ ಟೇಬಲ್‌ಗಳು ಹಡಗಿಗೆ ಬಂದವು. 21 ತುಂಬಿರಬೇಕು, ಗುರುತಿನ ಚೀಟಿಯ ಅಸಲು ಪ್ರತಿ ಬೇಕು, ಪ್ಯಾನ್ ಕಾರ್ಡ್ ಜೊತೆಗಿರಲಿ. ಗಂಡಸರು ಚಡ್ಡಿ, ಹವಾಯಿ ಚಪ್ಪಲಿಯಲ್ಲಿ ಹೋದರೆ ಬಾಗಿಲಿನಿಂದಲೇ ವಾಪಸ್. ಜೆಟ್ಟಿಯಿಂದ ಹಡಗಿಗೆ ಚಿಕ್ಕ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಒಳಗೆ ಫೋಟೊ ತೆಗೆಯುವಂತಿಲ್ಲ.

ಪ್ರವೇಶದ ಪ್ಯಾಕೇಜ್‌ನಲ್ಲಿ ಊಟ, ಕುಡಿತ, ಒಂದಿಷ್ಟು ಚಿಪ್ಸ್ ಸೇರಿಸಿ ಕೊಡುವುದುಂಟು. ಆ ಚಿಪ್ಸ್ ಸಾಮಾನ್ಯವಾಗಿ ಒಂದೇ ಸಲ ಆಡುವಂಥವು, ಪೋಕರ್ ಟೇಬಲ್‌ಗೆ ನಡೆಯುವುದಿಲ್ಲ. ಪೋಕರ್ ರೂಮಿಗಷ್ಟೇ ಬಂದಿದ್ದೇವೆ ಎಂದು ಮೊದಲೇ ಹೇಳಿದರೆ ಬೇರೆ ದರ ಇದೆಯೇ ಎಂದು ಕೇಳಿ ನೋಡಬಹುದು. ರೂಲೆಟ್, ಅಂದರ್ ಬಾಹರ್‌ನಲ್ಲಿ ಆಡುವುದು ಮನೆಯ, ಅಂದರೆ ಕ್ಯಾಸಿನೊದ ವಿರುದ್ಧ. ಪೋಕರ್‌ನಲ್ಲಿ ಎದುರಾಳಿಗಳು ಟೇಬಲ್ ಸುತ್ತ ಕೂತ ಮನುಷ್ಯರು. ಮನೆ ಪ್ರತಿ ಪಾಟ್‌ನಿಂದ ರೇಕ್ ಎಂದು ಒಂದು ಪಾಲು ಎತ್ತಿಕೊಳ್ಳುತ್ತದೆ. ಶೇಕಡ ಎಷ್ಟು, ಗರಿಷ್ಠ ಎಷ್ಟು ಎಂದು ಕೂರುವ ಮೊದಲು ಕೇಳಿ. ಶೇ. 5 ಆದರೆ 4,000ದ ಪಾಟ್‌ನಲ್ಲಿ 200 ಹೋಯಿತು.

ದೊಡ್ಡ ಹೊಡೆತ ಇರುವುದು ಚಿಪ್ಸ್ ಕೌಂಟರ್‌ನಲ್ಲಿ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊ ಮೇಲಿನ ಜಿಎಸ್‌ಟಿ ಶೇ. 40, ಅದಕ್ಕೂ ಮುಂಚೆ 28 ಇತ್ತು. ಬೀಳುವುದು ಚಿಪ್ಸ್ ಕೊಳ್ಳಲು ಕೊಡುವ ದುಡ್ಡಿನ ಮೇಲೆ. ತೆರಿಗೆ ಬೇರೆ ಸೇರಿಸಿದರೆ 10,000ದ ಚಿಪ್ಸ್‌ಗೆ 14,000 ಎಣಿಸಬೇಕು. ಒಳಗೇ ಸೇರಿಸಿ ಲೆಕ್ಕ ಹಾಕಿದರೆ ಹತ್ತು ಸಾವಿರ ಕೊಟ್ಟಾಗ ಕೈಗೆ ಬರುವುದು ಸುಮಾರು 7,143ರ ಚಿಪ್ಸ್. "ಇಷ್ಟು ದುಡ್ಡಿಗೆ ಟೇಬಲ್ ಮೇಲೆ ಎಷ್ಟು ಬರುತ್ತೆ?" ಅಂತ ನೇರ ಕೇಳಿ, ನಾಚಿಕೆ ಬೇಡ. ಚಿಪ್ಸ್ ಮರಳಿಸಿದರೂ ಕಟ್ಟಿದ ತೆರಿಗೆ ಮರಳುವುದಿಲ್ಲ, ಹಾಗಾಗಿ "ಇರಲಿ, ಉಳಿದರೆ ವಾಪಸ್ ಕೊಟ್ಟರಾಯ್ತು" ಎಂದು ಜಾಸ್ತಿ ಕೊಳ್ಳುವುದು ಶುದ್ಧ ನಷ್ಟ. ಗೆದ್ದ ಚಿಪ್ಸ್‌ನಲ್ಲೇ ಮುಂದಿನ ಆಟ ಆಡಿದರೆ ಹೊಸ ತೆರಿಗೆ ಇಲ್ಲ. ಊಟಕ್ಕೆ ಏಳುವಾಗ ನಗದು ಮಾಡಿಕೊಂಡು, ಕೈ ತೊಳೆದು ಬಂದು ಮತ್ತೆ ಕೊಂಡರೆ ಇದೆ. ಗೆಲುವಿನ ಮೇಲೆ ಆದಾಯ ತೆರಿಗೆ ಬೇರೆ: ಶೇ. 30, ಜೊತೆಗೆ ಸೆಸ್. ಸೋತ ದಿನದ ಲೆಕ್ಕವನ್ನು ಅದರಲ್ಲಿ ಕಳೆಯುವಂತಿಲ್ಲ.

ಪೋಕರ್ ಡೆಸ್ಕ್‌ನಲ್ಲಿ ಹೆಸರು ಬರೆಸಿ, ಯಾವ ಟೇಬಲ್ ಎಂದು ಹೇಳಬೇಕು. 50/100 ಎಂದರೆ ಚಿಕ್ಕ ಬ್ಲೈಂಡ್ 50, ದೊಡ್ಡದು 100. ಈ 'ಬ್ಲೈಂಡ್' ಮೂರೆಲೆಯ ಬ್ಲೈಂಡ್ ಅಲ್ಲ. ಅಲ್ಲಿ ಎಲೆ ನೋಡದೆ ಅರ್ಧ ದುಡ್ಡಿಗೆ ಆಡುವುದು ಬ್ಲೈಂಡ್. ಇಲ್ಲಿ ಬಟನ್‌ನ (ಹಂಚುವ ಸರದಿ ಯಾರದೆಂದು ತೋರಿಸುತ್ತ ಒಬ್ಬರಿಂದೊಬ್ಬರಿಗೆ ಸರಿಯುವ ಬಿಲ್ಲೆ) ಎಡಗಡೆಯ ಇಬ್ಬರು ಎಲೆ ಹಂಚುವ ಮೊದಲೇ ಕಡ್ಡಾಯವಾಗಿ ಇಡುವ ದುಡ್ಡು. ನೂರು ದೊಡ್ಡ ಬ್ಲೈಂಡ್, ಅಂದರೆ ಹತ್ತು ಸಾವಿರದ ಚಿಪ್ಸ್ ಆರಾಮಾದ ಮೊತ್ತ. ಒಂಬತ್ತು ಜನರ ಟೇಬಲ್‌ನಲ್ಲಿ ಗಂಟೆಗೆ ಇಪ್ಪತ್ತೈದರಿಂದ ಮೂವತ್ತು ಕೈ (ಒಂದು ಸಲ ಎಲೆ ಹಂಚಿ ಮುಗಿಯುವ ಆಟ) ನಡೆಯುತ್ತವೆ, ಅಂದರೆ ಮೂರು ಸುತ್ತು. ಏನೂ ಆಡದೆ ಸುಮ್ಮನೆ ಕೂತರೂ ಗಂಟೆಗೆ 450 ಹೋಗುತ್ತದೆ. ಇದೇ ಕುರ್ಚಿಯ ಬಾಡಿಗೆ. ಒಂದೇ ಊರಿನ ಇಬ್ಬರು ಬಂದಿದ್ದರೆ ಬೇರೆ ಬೇರೆ ಟೇಬಲ್ ಕೇಳಿ. ಕೈ ನಡೆಯುವಾಗ ಕನ್ನಡದಲ್ಲಿ ಪಿಸುಗುಟ್ಟಿದರೆ ಡೀಲರ್ ತಡೆಯುತ್ತಾನೆ, ಉಳಿದವರ ಕಣ್ಣೂ ಕೆಂಪಾಗುತ್ತದೆ. ನಮ್ಮಲ್ಲಿ ಹಿಂದೆ ನಿಂತು "ಇದು ಬಿಡು, ಅದು ಹೊಡಿ" ಎನ್ನುವ ಸಲಹೆಗಾರರಿಗೆ ಕಡಿಮೆಯಿಲ್ಲವಲ್ಲ. ಅಲ್ಲಿ ಒಂದು ಕೈಗೆ ಒಂದೇ ತಲೆ.

ಎಲೆ ನೋಡುವ ರೀತಿಯಲ್ಲೇ ಹೊಸಬ ಸಿಕ್ಕಿಬೀಳುತ್ತಾನೆ. ಮೂರೆಲೆಯಲ್ಲಿ ಎಲೆಗಳನ್ನು ಎದೆಗೆ ಒತ್ತಿಕೊಂಡು, ಹೆಬ್ಬೆರಳಿನಿಂದ ಒಂದೊಂದೇ ಕೂದಲೆಳೆಯಷ್ಟು ಸರಿಸುವುದರಲ್ಲೇ ಅರ್ಧ ಸುಖ. ಇಲ್ಲಿ ಎಲೆ ಟೇಬಲ್ ಬಿಟ್ಟು ಏಳಬಾರದು. ಎರಡೂ ಎಲೆಯನ್ನು ಒಂದರ ಮೇಲೊಂದು ಇಟ್ಟು, ಎಡಗೈಯನ್ನು ಗೋಡೆಯ ಹಾಗೆ ಅಡ್ಡ ಇಟ್ಟು, ಬಲಗೈ ಹೆಬ್ಬೆರಳಿನಿಂದ ಹತ್ತಿರದ ಮೂಲೆ ಅರ್ಧ ಇಂಚು ಎತ್ತಿ ನೋಡಬೇಕು. ನೋಡಿ ಕೆಳಗಿಟ್ಟ ಮೇಲೆ ಎಲೆ ಮೇಲೆ ಒಂದು ಚಿಪ್ ಇಡಿ. ಇದು ಶೋಕಿಗಲ್ಲ: ಕಾವಲಿಲ್ಲದ ಎಲೆಯನ್ನು ಡೀಲರ್ ಕೈತಪ್ಪಿ ಎಳೆದುಕೊಂಡರೆ ಆ ಕೈ ಸತ್ತ ಹಾಗೆ, ಎಕ್ಕದ ಜೋಡಿ ಇದ್ದರೂ.

ಚಿಪ್ಸ್ ಇಡುವಾಗಿನ ತಪ್ಪುಗಳು ಇನ್ನೂ ದುಬಾರಿ. ಮೊಬೈಲ್‌ನಲ್ಲಿ ಕಲಿತವರಿಗೆ ಇವು ಗೊತ್ತೇ ಇರುವುದಿಲ್ಲ, ಅಲ್ಲಿ ಗುಂಡಿ ಒತ್ತಿದರೆ ಮುಗಿಯುತ್ತಿತ್ತು. (2025ರ ಆಗಸ್ಟ್‌ನ ಕೇಂದ್ರ ಕಾಯ್ದೆಯಿಂದ ದುಡ್ಡಿನ ಆನ್‌ಲೈನ್ ಆಟಕ್ಕೆ ನಿಷೇಧ ಬಿದ್ದಿದೆ.) ಎದುರಿನವನು 400 ಇಟ್ಟಿದ್ದಾನೆ, ನಿಮಗೆ ಸಾವಿರಕ್ಕೆ ಏರಿಸಬೇಕು ಅನ್ನಿ. ಬಾಯಿ ಬಿಡದೆ ಸಾವಿರದ ಒಂದೇ ಚಿಪ್ ಮುಂದಿಟ್ಟರೆ ಅದು ಬರೀ ಕಾಲ್, ಅಂದರೆ ಅವನಷ್ಟೇ ಇಟ್ಟ ಹಾಗೆ. ಡೀಲರ್ 600 ಚಿಲ್ಲರೆ ಕೊಡುತ್ತಾನೆ. ನಾಲ್ಕು ನೂರಿಟ್ಟು, ಕೈ ಹಿಂದಕ್ಕೆ ತಂದು, ಮತ್ತೆ ಆರು ನೂರು ಇಟ್ಟರೂ ಎರಡನೆಯ ಕಂತು ನಡೆಯುವುದಿಲ್ಲ, ಅದಕ್ಕೆ ಸ್ಟ್ರಿಂಗ್ ಬೆಟ್ ಎನ್ನುತ್ತಾರೆ. ಎದುರಿನವನ ಮುಖ ನೋಡಿಕೊಂಡು ಕಂತು ಹಾಕುವ ಚಾಳಿಗೆ ಇದು ಬೀಗ. ಮೊದಲು "ರೈಸ್, ಸಾವಿರ" ಎಂದು ಹೇಳಿ, ಆಮೇಲೆ ಕೈ ಆಡಿಸಿ. ಹೇಳಿದ ಮಾತು ಚಿಪ್ಸ್‌ನಷ್ಟೇ ಗಟ್ಟಿ; ಸರದಿ ಬಂದಾಗ ತಮಾಷೆಗೆ "ಆಲ್‌ಇನ್" ಎಂದರೂ ಆಲ್‌ಇನ್ನೇ. ಚಿಪ್ಸನ್ನು ಪಾಟ್‌ಗೆ ಎರಚಬೇಡಿ, ನಿಮ್ಮ ಮುಂದೆ ಸಾಲಾಗಿ ಇಡಿ. ಡೀಲರ್ ಎಣಿಸಿ ಎಳೆದುಕೊಳ್ಳುತ್ತಾನೆ.

'ಶೋ' ಕೇಳುವ ಅಭ್ಯಾಸವನ್ನೂ ದಾವಣಗೆರೆಯಲ್ಲೇ ಬಿಟ್ಟು ಹೊರಡಿ. ಇಲ್ಲಿ ದುಡ್ಡು ಕೊಟ್ಟು ಶೋ ಕೇಳುವಂತಿಲ್ಲ. ಕೈಯಲ್ಲಿ ಎರಡು, ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ಕೊನೆಯ ಸುತ್ತಿನಲ್ಲಿ ಯಾರು ಕೊನೆಗೆ ಏರಿಸಿದರೋ ಅವರು ಮೊದಲು ಬಿಚ್ಚಬೇಕು. ನಿಮ್ಮದು ಸೋತಿತು ಅನ್ನಿಸಿದರೂ ಎರಡೂ ಎಲೆ ಮೇಲ್ಮುಖ ಮಾಡಿ ಇಡಿ. ಎಲೆ ತಾನೇ ಮಾತಾಡುತ್ತದೆ, ನೀವು ಗಮನಿಸದ ಕಲರನ್ನು ಡೀಲರ್ ಓದುತ್ತಾನೆ. ಮುಚ್ಚಿ ಎಸೆದ ಗೆಲುವಿನ ಕೈಯನ್ನು ಯಾರೂ ಹುಡುಕಿ ಕೊಡುವುದಿಲ್ಲ. ಪಾಟ್ ನಿಮ್ಮ ಕಡೆ ಸರಿಯುವ ತನಕ ಎಲೆ ಬಿಡಬೇಡಿ.

ಒಂದೇ ಒಂದು ಲೆಕ್ಕ ಬೇಕೆಂದರೆ ಇದು. ಕೈಯಲ್ಲಿ ಎರಡು ಆಟೀನು, ನಡುವಿನ ಮೂರರಲ್ಲಿ ಎರಡು ಆಟೀನು. ಉಳಿದದ್ದು ಒಂಬತ್ತು. ಕಾಣದ ಎಲೆ 47. ಮುಂದಿನ ಒಂದೇ ಎಲೆಯಲ್ಲಿ ಆಟೀನು ಬರುವುದು ಶೇ. 19ರಷ್ಟು, ಎರಡರಲ್ಲಿ ಒಂದಾದರೂ ಬರುವುದು 35ರಷ್ಟು. ಪಾಟ್‌ನಲ್ಲಿ 3,000 ಇದೆ, ಎದುರಿನವನು 1,500 ಇಟ್ಟ. ನೀವು 1,500 ಹಾಕಿದರೆ ಒಟ್ಟು 6,000. ನಿಮ್ಮ ಪಾಲು ಕಾಲು ಭಾಗ, ಅಂದರೆ ಶೇ. 25. ಅವನ ಚಿಪ್ಸ್ ಅಷ್ಟಕ್ಕೇ ಮುಗಿದಿದ್ದರೆ ಎರಡೆಲೆಯೂ ಪುಕ್ಕಟೆ ಸಿಗುತ್ತವೆ, 35ಕ್ಕೆ 25 ಕೊಡುವುದು ಲಾಭ. ಅವನ ಹತ್ತಿರ ಇನ್ನೂ ರಾಶಿ ಇದ್ದು ಮುಂದಿನ ಎಲೆಗೆ ಮತ್ತೆ ಹೊಡೆಯುತ್ತಾನೆ ಅನ್ನಿಸಿದರೆ 19ಕ್ಕೆ 25 ಕೊಟ್ಟ ಹಾಗಾಯಿತು. ಕಲರ್ ಬಿದ್ದ ಮೇಲೆ ಅವನಿಂದ ಇನ್ನಷ್ಟು ಕಿತ್ತುಕೊಳ್ಳುವ ನಂಬಿಕೆ ಇಲ್ಲದಿದ್ದರೆ ಪ್ಯಾಕ್ ಆಗಿ.

ಟೇಬಲ್ ಮೇಲಿನ ಚಿಪ್ಸನ್ನು ಆಟದ ನಡುವೆ ಜೇಬಿಗೆ ಇಳಿಸುವಂತಿಲ್ಲ. ತೆಗೆದರೆ ಪೂರ್ತಿ ತೆಗೆದು ಏಳಬೇಕು. ದೊಡ್ಡ ಚಿಪ್ಸ್ ಮುಂದೆ ಕಾಣುವಂತಿರಲಿ, ಹಿಂದೆ ಅಡಗಿಸುವುದು ತಪ್ಪು. ತಂದದ್ದನ್ನು ಎರಡು ಲಕೋಟೆ ಮಾಡಿ ಎರಡು ಸಲದ ಆಟಕ್ಕೆ ಇಟ್ಟುಕೊಳ್ಳಿ, ಎಟಿಎಂ ಕಾರ್ಡ್ ಲಾಡ್ಜ್‌ನಲ್ಲಿರಲಿ. ಅಲ್ಲಿ ಕುಡಿತ ಧಾರಾಳ, ಅದು ಪ್ಯಾಕೇಜ್‌ನಲ್ಲಿ ಯಾಕಿದೆ ಎಂದು ಯೋಚಿಸಿದವರು ನಿಂಬೆ ಸೋಡಾ ಕೇಳುತ್ತಾರೆ. ಏಳುವಾಗ ಚಿಪ್ಸ್ ಎಣಿಸಿ, ಕೌಂಟರ್‌ನ ರಸೀದಿ ಪಡೆದುಕೊಳ್ಳಿ. ತೆರಿಗೆ ಕಡಿತ ಆಗಿದ್ದರೆ ರಿಟರ್ನ್ ಹಾಕುವಾಗ ಬೇಕಾಗುತ್ತದೆ.

ಕಾರಿನಲ್ಲಿ ವಾಪಸಾಗುವವರು ಅನಮೋಡದ ಅಬಕಾರಿ ತನಿಖಾ ಠಾಣೆ ನೆನಪಿಡಿ. ಗೋವಾದ ಅಗ್ಗದ ಬಾಟಲಿ ಡಿಕ್ಕಿಯಲ್ಲಿ ಸಿಕ್ಕರೆ ಟೇಬಲ್ ಮೇಲೆ ಉಳಿಸಿದ್ದು ಅಲ್ಲಿ ಕರಗುತ್ತದೆ. ರೈಲಿನವರು ವಾಪಸ್ ಟಿಕೆಟನ್ನು ಹೋಗುವಾಗಲೇ ಮಾಡಿಸಿರಬೇಕು. ಘಟ್ಟದ ಬುಡದ ಕುಲೆಂ ನಿಲ್ದಾಣದಲ್ಲಿ ಘಟ್ಟ ಏರಲು ಹಿಂದುಗಡೆಗೆ ಹೆಚ್ಚುವರಿ ಎಂಜಿನ್ ಸೇರಿಸುವ ತನಕ ಗಾಡಿ ನಿಂತಿರುತ್ತದೆ, ಉಳಿದ ಶೇಂಗಾ ತೆಗೆದು ಸೋತ ಕೈಗಳನ್ನು ಮತ್ತೆ ಹರಡಿ ನೋಡಲು ಅಷ್ಟು ಹೊತ್ತು ಸಾಕು.