ತಕ್ಕಡಿ ಮುಂದೆ ಹ್ಯಾಂಡಿಕ್ಯಾಪ್ ಜಗಳ

ರೇಸ್ ದಿನ ವೇ-ಔಟ್ (ಓಟಕ್ಕೆ ಮುಂಚೆ ಜಾಕಿಯನ್ನು ಸ್ಯಾಡಲ್ ಸಮೇತ ತೂಗುವ) ಹೊತ್ತಿಗೇ ಓನರ್‌ಗಳಿಗೆ ಸಿಟ್ಟು ಬರುವುದು. ಮೊನ್ನೆ ಟಾಪ್ ವೇಟ್, ಅಂದರೆ ಆ ಓಟದಲ್ಲೇ ಅತಿ ಹೆಚ್ಚು ತೂಕ, ಬಿದ್ದ ಕುದುರೆಯವರು ತಕ್ಕಡಿಗೇ ಅಡ್ಡ ನಿಂತರು: "ಹೋದ ಸಲ ಗೆದ್ದಿದ್ದೇ ತಪ್ಪೇನ್ರೀ? ಯಾಕೀ ಶಿಕ್ಷೆ?" ಹಿಂದೆ ಐದು ಜಾಕಿಗಳು ಸ್ಯಾಡಲ್ ಹೊತ್ತು ಕಾಯುತ್ತಿದ್ದರು.

ಹ್ಯಾಂಡಿಕ್ಯಾಪ್ ಅಂದರೆ ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ತೂಕ ಹೊರಿಸಿ ಓಟವನ್ನು ಸಮ ಮಾಡುವುದು. ಲೆಕ್ಕ ಸರಳ. ಕುದುರೆಯ ಸಾಮರ್ಥ್ಯಕ್ಕೆ ಕೊಡುವ ಅಂಕವೇ ರೇಟಿಂಗ್; ಒಂದು ರೇಟಿಂಗ್ ಪಾಯಿಂಟಿಗೆ ಅರ್ಧ ಕೆಜಿ. 12 ಪಾಯಿಂಟ್ ಮೇಲಿರುವ ಕುದುರೆಗೆ 6 ಕೆಜಿ ಹೆಚ್ಚು. ಜಾಕಿ ಸ್ಯಾಡಲ್ ಸಮೇತ 54.5 ತೂಗಿ, ಹೊರಬೇಕಾದದ್ದು 58 ಇದ್ದರೆ ಮಿಕ್ಕ 3.5 ಕೆಜಿಗೆ ಸೀಸ. ಸೀಸದ ಪಟ್ಟಿಗಳನ್ನು ವೇಟ್ ಕ್ಲಾತಿನ (ಸ್ಯಾಡಲ್ ಕೆಳಗೆ ಹಾಕುವ ಜೇಬಿನ ಬಟ್ಟೆಯ) ಎರಡೂ ಬದಿಗೆ ಸಮನಾಗಿ, ಆದಷ್ಟು ಮುಂದಿನ ಜೇಬುಗಳಲ್ಲೇ ಇಡಬೇಕು. ಒಂದು ಬದಿ ತೂಕ ಹೆಚ್ಚಾದರೆ ತಿರುವಿನಲ್ಲಿ ಸ್ಯಾಡಲ್ ವಾಲುತ್ತದೆ. ಜೇಬಿನ ಮುಚ್ಚಳ ಸಡಿಲವಿದ್ದು ಓಟದಲ್ಲಿ ಪಟ್ಟಿ ಉದುರಿದರೆ ವೇ-ಇನ್‌ನಲ್ಲಿ (ಓಟ ಮುಗಿದ ಮೇಲಿನ ತೂಗುವಿಕೆಯಲ್ಲಿ) ತೂಕ ಕಡಿಮೆ ಬಂದು ಗೆದ್ದ ಕುದುರೆಯೂ ಡಿಸ್‌ಕ್ವಾಲಿಫೈ. ಜಗಳದ ಗದ್ದಲದಲ್ಲಿ ತಪ್ಪಿಹೋಗುವುದು ಈ ಮುಚ್ಚಳದ ತಪಾಸಣೆಯೇ.

ಶಿಕ್ಷೆ ಎಂಬ ತಿಳಿವಳಿಕೆ ಹಬ್ಬಿಸಿದ್ದರಲ್ಲಿ ಆಫೀಸಿನ ಪಾಲೂ ಇದೆ. ಹೊಸಬರ ಟ್ರೈನಿಂಗ್ ಸ್ಲೈಡಿನಲ್ಲಿ ಟೋಪಿ ಚಾಚಿದ ಭಿಕ್ಷುಕನ ಚಿತ್ರ ಹಾಕಿ, 'ಹ್ಯಾಂಡಿಕ್ಯಾಪ್' ಪದ ಅಲ್ಲಿಂದ ಬಂತು ಎಂದು ಬರೆದಿದ್ದಾರೆ. ಶುದ್ಧ ಕಟ್ಟುಕತೆ. ಪದದ ಮೂಲ ಇಂಗ್ಲೆಂಡಿನ ಹೆಂಡದಂಗಡಿಯ ಆಟ, 'ಹ್ಯಾಂಡ್ ಇನ್ ಕ್ಯಾಪ್' (ಟೋಪಿಯೊಳಗೆ ಕೈ). ಲಂಡನ್ನಿನ ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1660ರ ದಿನಚರಿಯಲ್ಲೇ ಇದರ ಹೆಸರು ಬರೆದಿದ್ದಾನೆ. ಇಬ್ಬರು ವಸ್ತು ಅದಲುಬದಲು ಮಾಡಿಕೊಳ್ಳುವಾಗ, ಕಮ್ಮಿ ಬೆಲೆಯದರ ಮೇಲೆ ಎಷ್ಟು ಕಾಸು ಸೇರಿಸಬೇಕೆಂದು ಮಧ್ಯಸ್ಥ ಹೇಳುತ್ತಾನೆ. ಮೂವರೂ ಟೋಪಿಗೆ ಪಣ ಹಾಕಿರುತ್ತಾರೆ. ಇಬ್ಬರೂ ಟೋಪಿಯೊಳಗೆ ಕೈಹಾಕಿ ತೆಗೆಯುತ್ತಾರೆ. ಕೈಯಲ್ಲಿ ಕಾಸಿದ್ದರೆ ಒಪ್ಪಿಗೆ, ಬರಿಗೈ ಆದರೆ ಇಲ್ಲ. ಇಬ್ಬರದೂ ಒಂದೇ ಉತ್ತರವಾದರೆ ಪಣ ಮಧ್ಯಸ್ಥನಿಗೆ, ಒಬ್ಬನೇ ಒಪ್ಪಿದರೆ ಅವನಿಗೆ. ಒಂದು ಕಡೆಗೆ ವಾಲಿದ ಬೆಲೆ ಕಟ್ಟಿದರೆ ಮಧ್ಯಸ್ಥನಿಗೇ ನಷ್ಟ.

18ನೇ ಶತಮಾನದಲ್ಲಿ ಈ ಮಧ್ಯಸ್ಥ ರೇಸಿಗೆ ಬಂದ. ಕಾಸಿನ ಬದಲು ಕುದುರೆ ಹೊರುವ ತೂಕ ಕಟ್ಟತೊಡಗಿದ. ಅಂಗವೈಕಲ್ಯದ ಅರ್ಥ ಅಂಟಿದ್ದು 20ನೇ ಶತಮಾನದಲ್ಲಿ.

ಹಾಗಂತ ಓನರ್‌ಗಳ ಗೊಣಗಾಟ ಪೂರ್ತಿ ಸುಳ್ಳಲ್ಲ. ಫಾರ್ ಲ್ಯಾಪ್ ಎಂಬ ಹೆಸರಾಂತ ಕುದುರೆ 1930ರಲ್ಲಿ ಆಸ್ಟ್ರೇಲಿಯಾದ ಹ್ಯಾಂಡಿಕ್ಯಾಪ್ ರೇಸ್ ಮೆಲ್ಬರ್ನ್ ಕಪ್ ಗೆದ್ದ. ಮರುವರ್ಷ ಬೆನ್ನಿಗೆ 68 ಕೆಜಿ ಹೇರಿದರು, ಎಂಟನೆಯವನಾಗಿ ಬಂದ. ಆದರೆ ರೇಟಿಂಗ್ ಹಾಕುವವರು ಹ್ಯಾಂಡಿಕ್ಯಾಪರ್ ಎಂಬ ಬೇರೆ ಅಧಿಕಾರಿ. ತಕ್ಕಡಿಯವನಿಗೆ ಬೈದರೆ ಅರ್ಧ ಕೆಜಿಯೂ ಇಳಿಯುವುದಿಲ್ಲ.

ಸ್ಲೈಡ್ ತೆಗೆಯಿರಿ ಎಂದು ಮೇಲ್ ಹೋಗಿದೆ. ಅದಕ್ಕೂ ಕಮಿಟಿ ಕೂರಬೇಕಂತೆ.